ಶೇಕಡಾ ಲೆಕ್ಕದ ಮಾಯೆ

2011ರ ಜನಗಣತಿಯ ಭಾಷಾವಾರು ಅಂಕಿಗಳು 2018ರಲ್ಲಿ ಹೊರಬಿದ್ದಾಗ ಹಲವು ಪತ್ರಿಕೆಗಳು ಒಂದೇ ರಾಗ ಹಾಡಿದವು: ಹಿಂದಿ ಏರಿತು, ದಕ್ಷಿಣದ ಭಾಷೆಗಳು ಇಳಿದವು. ಅಂಕಿಗಳೇನೋ ಸುಳ್ಳಲ್ಲ. 2001ರಿಂದ 2011ರ ನಡುವೆ ಹಿಂದಿಯ ಪಾಲು ಶೇ. 41.03ರಿಂದ 43.63ಕ್ಕೆ ಏರಿದ್ದೂ ಕನ್ನಡದ ಪಾಲು ಶೇ. 3.69ರಿಂದ 3.61ಕ್ಕೆ ಇಳಿದದ್ದೂ ನಿಜವೇ. ಆದರೆ ಅವನ್ನು ಓದುಗರ ಮುಂದಿಟ್ಟ ರೀತಿಯನ್ನು ನಾವು ಒಪ್ಪಲಾರೆವು.

‘ಇಳಿಯಿತು’ ಎಂದೊಡನೆ ಕನ್ನಡಿಗರ ಸಂಖ್ಯೆಯೇ ಕಡಿಮೆಯಾಯಿತೆಂದು ಯಾರಾದರೂ ಭಾವಿಸಿಯಾರು. ವಾಸ್ತವವಾಗಿ ಆ ಹತ್ತು ವರ್ಷಗಳಲ್ಲಿ ಕನ್ನಡ ಮಾತೃಭಾಷೆಯವರು 3.79 ಕೋಟಿಯಿಂದ 4.37 ಕೋಟಿಯಾದರು, ಹೆಚ್ಚಳ ಶೇ. 15ಕ್ಕೂ ಮಿಕ್ಕಿ. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆ ಶೇ. 17.7ರಷ್ಟು ಬೆಳೆದುದರಿಂದ ನಮ್ಮ ಪಾಲು ಕುಗ್ಗಿತು. ಉತ್ತರದ ಹಲವು ರಾಜ್ಯಗಳಿಗಿಂತ ಕರ್ನಾಟಕದಲ್ಲಿ ಜನನ ಪ್ರಮಾಣ ಕಡಿಮೆ. ತೊಟ್ಟಿಲುಗಳ ಈ ಲೆಕ್ಕವನ್ನು ಭಾಷೆಯ ಸೋಲು-ಗೆಲುವೆಂದು ಓದಿಸುವುದು ಸರಿಯೇ?

ಇನ್ನು ಹಿಂದಿಯ 52.83 ಕೋಟಿ. ಇದರಲ್ಲಿ ತಮ್ಮ ಮಾತೃಭಾಷೆ ಹಿಂದಿಯೆಂದೇ ಬರೆಸಿದವರು 32.22 ಕೋಟಿ. ಭೋಜಪುರಿಯ 5 ಕೋಟಿ, ರಾಜಸ್ಥಾನಿಯ 2.5 ಕೋಟಿ, ಹೀಗೆ ಉಳಿದವರನ್ನು ಗಣತಿ ಇಲಾಖೆ ಆ ಗುಂಪಿಗೆ ಸೇರಿಸಿದೆ. ಕನ್ನಡದ ಲೆಕ್ಕದಲ್ಲೂ ನೀಲಗಿರಿಯ ಬಡಗ ಮಾತನಾಡುವ 1.33 ಲಕ್ಷ ಜನರು ಸೇರಿದ್ದಾರೆ. ಇಲಾಖೆ ಇದನ್ನು ಮುಚ್ಚಿಟ್ಟಿಲ್ಲ. ವಿವರ ಅದರ ಪಟ್ಟಿಯಲ್ಲೇ ಇದೆ. ಬಿಟ್ಟವರು ಶೀರ್ಷಿಕೆ ಬರೆದವರು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ಬರಿಯ ಅಂಕಿಗಳ ಜಗಳವಲ್ಲ. ಕನ್ನಡ ಸೋಲುತ್ತಿದೆಯೆಂದು ಪತ್ರಿಕೆ ಹೇಳಿದರೆ, ‘ಮಕ್ಕಳಿಗೆ ಕಲಿಸಿ ಏನು ಫಲ?’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಬೆಳೆಯಿತೆಂದರೆ ನಿಶ್ಚಿಂತರಾಗಿ ಕೂರುತ್ತೇವೆ. ಎರಡೂ ತರವಲ್ಲ. ಗಣತಿಯಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಆ ಮಗು ಬೆಳೆದು ಕನ್ನಡ ಓದಬಲ್ಲುದೇ, ತನ್ನ ಮಕ್ಕಳೊಡನೆ ಕನ್ನಡ ಆಡುವುದೇ ಎಂಬುದನ್ನು ಆ ಅಂಕಿ ಹೇಳದು. ನಮ್ಮ ಮನೆಗಳಲ್ಲಿ ಕನ್ನಡ ಕ್ಷೀಣಿಸಿದರೂ ಪಟ್ಟಿಯಲ್ಲಿ ನಾವು ಒಂದು ತಲೆಮಾರಿನವರೆಗೆ ಕನ್ನಡಿಗರಾಗಿಯೇ ಉಳಿದೇವು!

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಶೇಕಡಾ ಕಂಡಾಗಲೆಲ್ಲ ಯಾವ ಮೊತ್ತದಲ್ಲಿ, ಯಾರನ್ನು ಸೇರಿಸಿ, ಯಾವ ವರ್ಷದಿಂದ ಎಂದು ಕೇಳೋಣ. ಈ ಮೂರನ್ನು ತಿಳಿಸಲು ಪತ್ರಿಕೆಗಳಿಗೆ ಎರಡು ಸಾಲು ಸಾಕು. ಅಷ್ಟನ್ನೂ ಕೊಡದ ಸುದ್ದಿಯನ್ನು ನಂಬಿ ಮಕ್ಕಳ ಕನ್ನಡದ ಬಗ್ಗೆ ತೀರ್ಮಾನಕ್ಕೆ ಬರುವುದು ಬೇಡ.