ಶಿಫ್ಟ್ ಕೆಳಗಿನ ಳ

ಕನ್ನಡದಲ್ಲಿ ಬಹುವಚನ ಟೈಪ್ ಮಾಡಲು ಒಂದು ಬೆರಳು ಹೆಚ್ಚಿಗೆ ಬೇಕು. ಮರಗಳು, ಮಾತುಗಳು, ಅವುಗಳನ್ನು ಎಂದು ಬರೆಯುವಾಗಲೆಲ್ಲ ಳ ಬಂದ ಕೂಡಲೇ ಕಿರುಬೆರಳು ಶಿಫ್ಟ್ ಕೀಲಿಗೆ ಹೋಗಬೇಕು. ಬಹುವಚನ ಮಾತ್ರವಲ್ಲ, ಅವಳು, ಒಳಗೆ, ಹೇಳು, ಕೇಳು, ಬೆಳಕು, ನಾಳೆ ಎಲ್ಲದರಲ್ಲೂ ಇದೇ ಪಾಡು. ಇತ್ತ ಒಂಟಿಯಾಗಿ ಯಾರೂ ಬರೆಯದ ಞ ಮಾತ್ರ ಶಿಫ್ಟ್‌ನ ಹಂಗಿಲ್ಲದೆ ಝೆಡ್ ಕೀಲಿಯಲ್ಲಿ ಆರಾಮವಾಗಿ ಕೂತಿದೆ. ವಿಜ್ಞಾನ, ಜ್ಞಾಪಕದಂಥ ಕೆಲವು ಪದಗಳಿಗೆ ಅದು ಬೇಕು, ನಿಜ. ಆದರೆ ಒಂದು ಪುಟದಲ್ಲಿ ಞ ಎಷ್ಟು ಸಲ ಬರುತ್ತದೆ, ಳ ಎಷ್ಟು ಸಲ ಬರುತ್ತದೆ ಎಂದು ಈ ಪುಟದಲ್ಲೇ ಎಣಿಸಿ ನೋಡಿ.

ನಾನು ಹೇಳುತ್ತಿರುವುದು ಕೆ. ಪಿ. ರಾವ್ ಅವರ ವಿನ್ಯಾಸದ ಬಗ್ಗೆ. ಕರ್ನಾಟಕ ಸರ್ಕಾರ ಒಪ್ಪಿಕೊಂಡ, 'ನುಡಿ'ಯ ಮೂಲಕ ನಮ್ಮಲ್ಲಿ ಬಹುಪಾಲು ಜನರ ಬೆರಳಿಗೆ ಹತ್ತಿದ ಕೀಲಿಮಣೆ ಅದು. ಕೀಲಿಮಣೆಯನ್ನು ನಾವು ಸಾಮಾನ್ಯವಾಗಿ ತಂತ್ರಜ್ಞಾನದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ನನಗೆ ಅದು ಒಂದು ವ್ಯಾಕರಣ ಗ್ರಂಥದಂತೆ ಕಾಣುತ್ತದೆ. ಯಾವ ಅಕ್ಷರ ಮೂಲ, ಯಾವುದು ಅದರ ವಿಕಾರ, ಯಾವುದಕ್ಕೆ ಯಾವುದು ನೆಂಟ ಎಂಬುದನ್ನೆಲ್ಲ ಅದು ತೀರ್ಮಾನಿಸಿಬಿಟ್ಟಿರುತ್ತದೆ. ತೀರ್ಮಾನ ಇದ್ದ ಕಡೆ ವಿಮರ್ಶೆಗೂ ಜಾಗ ಇದೆ.

ಮೊದಲು ಅದರ ಹೆಚ್ಚುಗಾರಿಕೆ. ಟೈಪ್‌ರೈಟರ್ ಕಾಲದಲ್ಲಿ ಅಕ್ಷರವನ್ನು ಕಣ್ಣಿಗೆ ಕಂಡ ಹಾಗೆ ತುಂಡು ತುಂಡಾಗಿ ಕೂಡಿಸಬೇಕಿತ್ತು: ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಒತ್ತಕ್ಷರ ಬೇರೆ. ರಾವ್ ಅವರ ವಿನ್ಯಾಸ ಕಣ್ಣನ್ನು ಬಿಟ್ಟು ಅಕ್ಷರದ ಒಳರಚನೆಯನ್ನು ಹಿಡಿಯಿತು. ಕೆ ಒತ್ತಿದರೆ ಕ, ಅದರ ಮೇಲೆ ಯು ಒತ್ತಿದರೆ ಕು. ಅಕಾರ ವ್ಯಂಜನದೊಳಗೇ ಇದೆ, ಅದನ್ನು ಬೇರೆಯಾಗಿ ಒತ್ತಬೇಕಿಲ್ಲ. ಎರಡು ವ್ಯಂಜನಗಳನ್ನು ಬೆಸೆಯುವ ಕೆಲಸ ಎಫ್ ಕೀಲಿಯದು. ಎಡಗೈ ತೋರುಬೆರಳು ತಾನಾಗಿ ಕೂರುವ, ಗುರುತಿಗೆ ಸಣ್ಣ ಉಬ್ಬು ಇರುವ ಕೀಲಿ ಅದು. ಒತ್ತಕ್ಷರದ ಭಾಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. 'ಕನ್ನಡ' ಎಂದು ಬರೆಯಲು ಇಲ್ಲಿ 5 ಒತ್ತು ಸಾಕು. ಇಂಗ್ಲಿಷ್ ಕಾಗುಣಿತದ ಮೂಲಕ ಕನ್ನಡ ಬರೆಯುವ ಲಿಪ್ಯಂತರ ಪದ್ಧತಿಯಲ್ಲಿ ಅದೇ ಪದಕ್ಕೆ 7 ಬೇಕು. ಈ ಎರಡರ ವ್ಯತ್ಯಾಸ ವೇಗದ್ದಷ್ಟೇ ಅಲ್ಲ. ಎರಡನೆಯದರಲ್ಲಿ ನಾವು ಕನ್ನಡ ಪದವನ್ನು ಮನಸ್ಸಿನಲ್ಲೇ ಒಮ್ಮೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತೇವೆ.

ಹಾಗಾದರೆ ಳ ಯಾಕೆ ಶಿಫ್ಟ್ ಕೆಳಗೆ ಸಿಕ್ಕಿಕೊಂಡಿತು? ಇಂಗ್ಲಿಷಿನ 26 ಅಕ್ಷರದ ಕೀಲಿಗಳೊಳಗೇ ಇಡೀ ಕನ್ನಡವನ್ನು ಹಿಡಿಸಬೇಕು ಎಂಬುದು ಆ ವಿನ್ಯಾಸದ ಹಟ. ಎಲ್ ಕೀಲಿಗೆ ಲ ಬಂದ ಮೇಲೆ ಳ ಅದರ ದೊಡ್ಡಕ್ಷರವಾಗಲೇಬೇಕಾಯಿತು. ಕ-ಖ, ಗ-ಘಗಳಿಗೆ ಹೊಂದುವ ತರ್ಕವೇ ಲ-ಳಗಳಿಗೂ ಅನ್ವಯವಾಯಿತು. ಆದರೆ ಕನ್ನಡದ ಕಿವಿಗೆ ಳ ಎಂಬುದು ಲಕಾರವನ್ನು ಒತ್ತಿ ನುಡಿದದ್ದಲ್ಲ. ಹಲ್ಲಿ ಬೇರೆ, ಹಳ್ಳಿ ಬೇರೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಅಚ್ಚು ಎಂದು ಬಂದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ 26ರ ಕಟ್ಟುಪಾಡೂ ಇರಲಿಲ್ಲ. ಅಲ್ಲೂ ಳ ಇರುವುದು ಲಕಾರದ ಕೀಲಿಯಲ್ಲಿ, ಶಿಫ್ಟ್ ಜೊತೆಗೇ. ಹಿಂದಿಯಲ್ಲಿ ಈ ಅಕ್ಷರದ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಆ ಲೆಕ್ಕ ಕನ್ನಡಕ್ಕೂ ಹಾಗೇ ಇಳಿದು ಬಂತು. ರಾವ್ ಅವರದು ಜಾಗದ ಅಭಾವ, ಇನ್‌ಸ್ಕ್ರಿಪ್ಟ್‌ನದು ದೃಷ್ಟಿಯ ಅಭಾವ. ಮೊದಲನೆಯದನ್ನು ನಾನು ಕ್ಷಮಿಸಬಲ್ಲೆ.

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಅದರಲ್ಲಿ ಕೀಲಿಮಣೆಯ ವಿನ್ಯಾಸ ಎಂದರೆ ಒಂದು ಸಾದಾ ಪಠ್ಯ ಕಡತ, ಒಂದು ಕೀಲಿಗೆ ಒಂದು ಸಾಲು. ನಾನು ತಿದ್ದಿದ್ದು ಮೂರೇ ಸಾಲು. ಎಲ್ ಪಕ್ಕದಲ್ಲಿ, ಬಲಗೈ ಕಿರುಬೆರಳ ಕೆಳಗೇ ಇರುವ ಅರ್ಧವಿರಾಮದ ಕೀಲಿಯನ್ನು ಳಕಾರಕ್ಕೆ ಕೊಟ್ಟೆ. ಅಲ್ಲಿಂದ ಎದ್ದ ಅರ್ಧವಿರಾಮ ಚಿಹ್ನೆ ಶಿಫ್ಟ್ ಮತ್ತು ಎಲ್‌ಗೆ ಹೋಯಿತು. ಕನ್ನಡ ಗದ್ಯದಲ್ಲಿ ಆ ಚಿಹ್ನೆಯನ್ನು ಬಳಸುವವರೇ ಕಡಿಮೆ, ಅದು ಕಾಯಲಿ. ಈಗ ಲ, ಳ ಅಕ್ಕಪಕ್ಕದ ಮನೆಯವು. 26 ಕೀಲಿಗಳ ಮಿತವ್ಯಯ ಮುರಿದದ್ದು ನಿಜ, ಆದರೆ 'ಗಳು' ಎಂಬುದು ಮೂರು ಬೆರಳಿನ ಒಂದೇ ಓಟವಾಯಿತು. ಇಂಥ ಮರುಜೋಡಣೆ ಹೊಸದೇನಲ್ಲ. 1874ರಲ್ಲಿ ರೆಮಿಂಗ್ಟನ್ ಮಾರುಕಟ್ಟೆಗೆ ತಂದ ಯಂತ್ರದಿಂದ ಹರಡಿದ ಇಂಗ್ಲಿಷ್ ಸಾಲನ್ನು ಆಗಸ್ಟ್ ಡ್ವೊರಾಕ್ ಬೇರೆಯಾಗಿ ಜೋಡಿಸಿ 1936ರಲ್ಲಿ ಪೇಟೆಂಟ್ ಪಡೆದರು. ಜಗತ್ತು ಹಳೆಯದರಲ್ಲೇ ಉಳಿಯಿತು.

ಉಳಿದ ಬದಲಾವಣೆ ಅನುಕೂಲಕ್ಕಾಗಿ ಮಾಡಿದ್ದಲ್ಲ. ಅದೇ ಕೀಲಿಯನ್ನು ಬಲಗಡೆಯ ಆಲ್ಟ್ ಜೊತೆ ಒತ್ತಿದರೆ ೞ ಬರುತ್ತದೆ, ಆರ್ ಕೀಲಿಯನ್ನು ಹಾಗೇ ಒತ್ತಿದರೆ ಱ. ಹಳಗನ್ನಡ ಓದುವವರಿಗೆ ಇದು ಅಲಂಕಾರದ ಮಾತಲ್ಲ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಆಳುವುದು, ಆೞ್ ಎಂದರೆ ಮುಳುಗುವುದು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕೇಶಿರಾಜ 13ನೆಯ ಶತಮಾನದಲ್ಲೇ ೞಕಾರದ ಪದಗಳನ್ನು ಪಟ್ಟಿ ಮಾಡಿಕೊಡುತ್ತಾನೆ. ಪಟ್ಟಿ ಬೇಕಾಯಿತು ಎಂದರೆ ಆಗಲೇ ಜನರ ಬಾಯಲ್ಲಿ ಇವು ಕಲಸಿಹೋಗುತ್ತಿದ್ದವು ಎಂದು ಊಹಿಸಬಹುದು. ಬಾಯಿಯಿಂದ ಹೋದರೂ ಮುದ್ರಿತ ಪುಸ್ತಕಗಳಲ್ಲಿ ಸಂಪಾದಕರು ಇವನ್ನು ಕಾಪಾಡಿಕೊಂಡು ಬಂದರು. ಈಗ ಪಂಪನ ಪದ್ಯವನ್ನು ಸೆಮಿನಾರ್ ಪ್ರಬಂಧಕ್ಕೆ ಇಳಿಸುವಾಗ ೞ ಎಲ್ಲಿದೆ ಎಂದು ಹುಡುಕುವ ವ್ಯವಧಾನ ಯಾರಿಗಿದೆ? ಕೈಗೆ ಸಿಕ್ಕಿದ ಳ ಒತ್ತಿ ಮುಂದೆ ಹೋಗುತ್ತೇವೆ. ಮುಂದಿನವರು ಆ ಪ್ರಬಂಧದಿಂದ ನಕಲು ಮಾಡಿಕೊಳ್ಳುತ್ತಾರೆ. ಹಳೆಯ ಲಿಪಿಕಾರರ ಕೈಯಲ್ಲಿ ಪಾಠಾಂತರ ಹುಟ್ಟಿದ್ದೂ ಹೀಗೆಯೇ ಇರಬೇಕು. ನಾವು ಮಾತ್ರ ತಾಳೆಗರಿಯ ತಪ್ಪುಗಳ ಮೇಲೆ ಅಧ್ಯಾಯಗಟ್ಟಲೆ ಬರೆದು, ನಮ್ಮ ಕಿರುಬೆರಳ ಸೋಮಾರಿತನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ೞಕಾರದ ದುರದೃಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಯೂನಿಕೋಡಿನ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫ'. ಹೆಸರಿಟ್ಟವರು ಅದನ್ನು ಇಂಗ್ಲಿಷ್ ಎಫ್ ಧ್ವನಿಯ ಅಕ್ಷರ ಎಂದು ತಿಳಿದಂತಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿ ಕೈತೊಳೆದುಕೊಂಡಿದ್ದಾರೆ.

ಎಲ್ಲರೂ ತಮ್ಮ ತಮ್ಮ ಕೀಲಿಮಣೆ ಮಾಡಿಕೊಂಡರೆ ಶಿಷ್ಟತೆ ಏನಾಗಬೇಕು ಎಂದು ಕೇಳಬಹುದು. ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರ ಫಾಂಟಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತಿದ್ದ ದಿನಗಳು ಅವು. ಯೂನಿಕೋಡ್ ಆ ಗಂಟನ್ನು ಬಿಡಿಸಿತು. ನಾನು ಯಾವ ಕೀಲಿ ಒತ್ತಿದರೂ ನಿಮಗೆ ಕಾಣುವುದು ಅದೇ ಳ. ಡಿ. ಎನ್. ಶಂಕರ ಭಟ್ಟರ ಹೊಸಬರಹ ಮಹಾಪ್ರಾಣಗಳನ್ನು ಓದುಗರ ಪುಟದಿಂದಲೇ ತೆಗೆಯುತ್ತದೆ, ಹಾಗಾಗಿ ಅದಕ್ಕೆ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ನನ್ನ ತಿದ್ದುಪಡಿಗೆ ಬೇಕಾದದ್ದು ನನ್ನ ಹತ್ತು ಬೆರಳುಗಳ ಒಪ್ಪಿಗೆ ಮಾತ್ರ. ಬೇರೆಯವರ ಕಂಪ್ಯೂಟರಿನ ಮುಂದೆ ಕೂತಾಗ 'ಅವಳು' ಬದಲು 'ಅವ;ು' ಆಗುವ ಕಷ್ಟವೂ ನನ್ನದೇ.

ನನ್ನ ಕಡತವನ್ನು ಗೆಳೆಯನೊಬ್ಬ ತೆಗೆದುಕೊಂಡು ಹೋದ. ಅವನದು ಜನಪದ ಕಥೆಗಳ ಸಂಗ್ರಹ, ೞ-ಱಗಳ ಗೊಡವೆ ಅವನಿಗಿಲ್ಲ. ಕಥೆ ಹೇಳುವವರು ಮಾತಿನ ನಡುವೆ ಉಸಿರು ಹಿಡಿದು ನಿಲ್ಲಿಸುವ ಕಡೆಯೆಲ್ಲ ಅರ್ಧವಿರಾಮ ಹಾಕುವುದು ಅವನ ಪದ್ಧತಿ. ಆ ಚಿಹ್ನೆಯನ್ನು ಅದರ ಜಾಗಕ್ಕೇ ವಾಪಸು ಕೂರಿಸಿ, ಳಕಾರವನ್ನು ಝೆಡ್ ಕೀಲಿಗೆ ಒಯ್ದು, ಞ ಅಕ್ಷರವನ್ನು ಶಿಫ್ಟ್ ಕೆಳಗೆ ಇಳಿಸಿದ್ದಾನೆ.