ಮೃದಂಗದ ನಾದವೂ ರಾಮನ್ನರ ವಿವರಣೆಯೂ

ಜಾಗಟೆಯನ್ನು ಬಡಿದರೆ ದೀರ್ಘವಾದ ಧ್ವನಿಯು ಹೊರಡುವುದಾದರೂ ಅದಕ್ಕೆ ಶ್ರುತಿ ಸೇರಿಸಿ ಹಾಡಲು ಯಾರೂ ಯತ್ನಿಸುವುದಿಲ್ಲ. ಆ ಕಂಚಿನ ತಟ್ಟೆಯು ಏಕಕಾಲದಲ್ಲಿ ಹಲವು ಬಗೆಯಾಗಿ ಕಂಪಿಸುವುದೂ, ಆ ಕಂಪನಸಂಖ್ಯೆಗಳು ತಂತಿಯಲ್ಲಿರುವಂತೆ 1, 2, 3 ಎಂಬ ಪ್ರಮಾಣದಲ್ಲಿ ಇರದಿರುವುದೂ ಇದಕ್ಕೆ ಕಾರಣ. ಬಿಗಿದ ಚರ್ಮದ ಸ್ಥಿತಿಯೂ ಹೀಗೆಯೇ. ಎಲ್ಲೆಡೆಯೂ ಸಮನಾದ ವರ್ತುಲಾಕಾರದ ಚರ್ಮದಲ್ಲಿ ಮೂಲಸ್ವರವನ್ನು 1 ಎಂದೆಣಿಸಿದರೆ ಮೇಲಿನವು 1.59, 2.14, 2.30, 2.65 ಎಂದು ಬರುವುವು.

1920ರಲ್ಲಿ ಸಿ. ವಿ. ರಾಮನ್ನರೂ ಶಿವಕಾಳಿ ಕುಮಾರರೂ ‘ನೇಚರ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನವು, ಮೃದಂಗವು ಈ ನಿಯಮಕ್ಕೆ ಹೊರತೆಂದು ಸಾರಿತು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ನರು ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳ ಮೊದಲ ಸಂಪುಟದಲ್ಲಿ ಅದನ್ನೇ ವಿಸ್ತರಿಸಿದರು. ಕ್ಲಾಡ್ನಿಯು 1787ರಲ್ಲಿ ಲೋಹದ ತಗಡುಗಳ ಮೇಲೆ ಮರಳನ್ನು ಉದುರಿಸಿ ತೋರಿದ ಆಕೃತಿಗಳನ್ನು ರಾಮನ್ನರು ಚರ್ಮದ ಮೇಲೆ ಮೂಡಿಸಿದರು. ಬಲದ ಮುಖದ ನಡುವೆ ಇರುವ ಕರಿಯ ಲೇಪದ ಭಾರದಿಂದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಗುಂಪುಗೂಡುವುವೆಂಬುದು ಲೇಖನದ ಜೀವಾಳ. ಎರಡು ವ್ಯಾಸರೇಖೆಗಳುಳ್ಳ ಕಂಪನವೂ, ಒಂದು ವರ್ತುಲರೇಖೆಯುಳ್ಳ ಕಂಪನವೂ ರೂಪದಲ್ಲಿ ಬೇರೆ. ಹೊರಡಿಸುವ ಸ್ವರ ಮಾತ್ರ ಒಂದೇ, ಮೂಲಸ್ವರದ ಮೂರರಷ್ಟು. ಆದುದರಿಂದಲೇ ಬೆರಳನ್ನು ಎಲ್ಲಿ ಊರಿ ಎಲ್ಲಿ ನುಡಿಸಿದರೂ ವಾದ್ಯವು ಶ್ರುತಿಯನ್ನು ಬಿಟ್ಟುಕೊಡದು. ವೈಣಿಕರಿಗೆ ಮೆಟ್ಟಿಲುಗಳಿದ್ದಂತೆ ಮಾರ್ದಂಗಿಕರಿಗೆ ಈ ನಿಶ್ಚಲ ರೇಖೆಗಳೆನ್ನಬಹುದು.

ಇಷ್ಟಾದರೂ ಈ ಲೇಖನವನ್ನು ಪೂರ್ಣ ವಿವರಣೆಯೆಂದು ಒಪ್ಪುವುದು ಕಷ್ಟ. ಎಲ್ಲಿ ಚಲನೆಯಿಲ್ಲವೆಂಬುದನ್ನು ಮರಳು ಹೇಳುವುದೇ ಹೊರತು, ಇಷ್ಟೇ ಅಗಲದ, ಇಷ್ಟೇ ತೂಕದ ಲೇಪವು ಏಕೆ ಬೇಕೆಂಬುದನ್ನು ಹೇಳಲಾರದು. ಆ ಲೆಕ್ಕವು ದೊರೆತುದು 1954ರಲ್ಲಿ, ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿಯವರಿಂದ. ನಡುವೆ ಒಂದು ಸಾಂದ್ರತೆ, ಸುತ್ತಲೂ ಇನ್ನೊಂದು ಎಂದು ಭಾವಿಸಿ ಅವರು ಗಣಿಸಿದ ಸಂಖ್ಯೆಗಳು ಪ್ರಯೋಗಕ್ಕೆ ಸಮೀಪವಾಗಿಯೇ ಬಂದುವು.

ಪ್ರಾಚೀನ ಹಿಂದೂಗಳ ಧ್ವನಿಶಾಸ್ತ್ರಜ್ಞಾನವನ್ನು ರಾಮನ್ನರು ಬೇರೊಂದು ಪ್ರಬಂಧದಲ್ಲಿ ಕೊಂಡಾಡಿದ್ದಾರೆ. ಆ ಕೊಂಡಾಟವು ಯೋಗ್ಯವೇ ಸರಿ. ಆದರೆ ಪ್ರಾಚೀನರಿಗೆ ಈ ಗಣಿತವು ತಿಳಿದಿತ್ತೆಂದು ಅದರಿಂದ ಊಹಿಸುವುದು ಸಲ್ಲದು. ಇಲ್ಲಿಯ ಜ್ಞಾನವು ಕಿವಿಯದು, ಕೈಯದು. ವಾದ್ಯ ಮಾಡುವವನು ಲೇಪವನ್ನು ತೆಳುವಾದ ಪದರಗಳಾಗಿ ಹಚ್ಚಿ, ಒಂದೊಂದನ್ನೂ ಕಲ್ಲಿನಿಂದ ಉಜ್ಜಿ, ತಟ್ಟಿ ಕೇಳಿ, ಮುಂದಿನದನ್ನು ಹಚ್ಚುತ್ತಾನೆ. ಅವನ ಲೇಪವು ನಡುವೆ ದಪ್ಪ, ಅಂಚಿನಲ್ಲಿ ತೆಳು. ಉಜ್ಜುವಾಗ ಅದರಲ್ಲಿ ಸೂಕ್ಷ್ಮವಾದ ಬಿರುಕುಗಳು ಏಳುವುದರಿಂದ ಭಾರವು ಉಳಿದು ಬಿರುಸು ಹೋಗುತ್ತದೆ. ಎರಡು ಸಾಂದ್ರತೆಗಳ ಲೆಕ್ಕದಲ್ಲಿ ಆ ಇಳಿಜಾರಿಗೂ ಈ ಬಿರುಕುಗಳಿಗೂ ಸ್ಥಾನವಿಲ್ಲ.