ಟಕ್ ಎಂದದ್ದು ಎಲ್ಲಿ?

ಟೈರಿನ ಮೇಲಿನ ರಬ್ಬರ್ ಎಳೆಗಳು ಕೂಡ ಇನ್ನೂ ಸವೆಯದ ಹೊಸ ಪಿಕಪ್ ಟ್ರಕ್ಕು. ಸ್ಟೇರಿಂಗ್ ತಿರುಗಿಸಿದಾಗ ಎಲ್ಲೋ 'ಟಕ್' ಎನ್ನುತ್ತದೆ. ಹಳೆಯ ಗಾಡಿಯಾಗಿದ್ದರೆ ಏನೋ ಸವೆದಿರಬೇಕು ಎಂದುಕೊಂಡು ಮಾಲೀಕ ಸುಮ್ಮನಾಗುತ್ತಿದ್ದ. ಸಾಲ ಮಾಡಿ ಕೊಂಡ ಹೊಸ ಗಾಡಿಯಲ್ಲಿ ಆ ಸಮಾಧಾನಕ್ಕೆ ಎಡೆಯಿಲ್ಲ. ಸರ್ವಿಸ್ ಸೆಂಟರಿಗೆ ಹೋದರೆ ಸಿಗುವ ಉತ್ತರಗಳು ಯಾವ ದೇಶದಲ್ಲೂ ಹೆಚ್ಚು ಬೇರೆಯಾಗಿರುವುದಿಲ್ಲ. 'ನಮಗೆ ಕೇಳಿಸಲಿಲ್ಲ.' 'ಈ ಮಾಡೆಲ್ಲೇ ಹೀಗೆ.' 'ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ.' ಈ ಮೂರು ಮಾತುಗಳೂ ಪತ್ತೆಕಾರ್ಯವನ್ನು ಶುರುವಾಗುವ ಮೊದಲೇ ಮುಗಿಸಿಬಿಡುತ್ತವೆ.

ಸದ್ದಿನ ಮೂಲ ಹುಡುಕುವ ಈ ವಿದ್ಯೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ತೂಗಿನೋಡಲು ಅಮೆರಿಕದ ಒಂದು ಪ್ರಕರಣ ಚೆನ್ನಾಗಿ ಒದಗುತ್ತದೆ. ಜನರಲ್ ಮೋಟಾರ್ಸ್ ಕಂಪನಿ 1999ರ ಮಾದರಿಯಾಗಿ ಷೆವರ್ಲೆ ಸಿಲ್ವರಾಡೊ ಮತ್ತು ಜಿಎಂಸಿ ಸಿಯೆರಾ ಪಿಕಪ್‌ಗಳನ್ನು ಹೊಸ ಚಾಸಿಯ ಮೇಲೆ ಮಾರುಕಟ್ಟೆಗೆ ತಂದಿತು. ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ, ಉಬ್ಬುತಗ್ಗಿನ ಮೇಲೆ ಹಾಯುವಾಗ ಅವುಗಳಲ್ಲಿ ಒಂದು ಸದ್ದು ಬರತೊಡಗಿತು. ಕಿವಿಗೆ ಕೇಳುವುದರ ಜೊತೆಗೆ ಸ್ಟೇರಿಂಗ್ ಹಿಡಿದ ಅಂಗೈಗೂ ತಾಗುವ ಸದ್ದು ಅದು. ಮುಂದಿನ ಚಕ್ರವೇ ಸಡಿಲವಾಗಿದೆಯೇನೋ ಎಂದು ಹೆದರಿದವರು ಕಡಿಮೆಯಿರಲಿಕ್ಕಿಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟೆಬಿಲೈಸರ್ ಲಿಂಕ್ ಎಂದು ಕೆಳಗಿನ ಒಂದೊಂದೇ ಭಾಗದ ಮೇಲೆ ಅನುಮಾನ ಪಡುವುದು ಸಹಜವೇ.

ತಪ್ಪು ಇದ್ದದ್ದು ಬೇರೆ ಕಡೆ. ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಮೌಂಟ್‌ಗಳು. ಸ್ಟೇರಿಂಗ್ ಚಕ್ರ ಕ್ಯಾಬಿನ್ನಿನಲ್ಲಿದ್ದರೆ ಸ್ಟೇರಿಂಗ್ ಗೇರ್ ಚಾಸಿಗೆ ಬಿಗಿದಿರುತ್ತದೆ. ರಸ್ತೆಯ ಮೇಲೆ ಓಡುವಾಗ ಈ ಎರಡೂ ಒಂದಕ್ಕೊಂದು ಅಷ್ಟಿಷ್ಟು ಅಲುಗುತ್ತಲೇ ಇರುತ್ತವೆ. ಹಾಗಾಗಿ ಎರಡನ್ನೂ ಸೇರಿಸುವ ಇಂಟರ್ಮೀಡಿಯೆಟ್ ಶಾಫ್ಟ್ ಒಂದೇ ತುಂಡಾಗಿರಲು ಸಾಧ್ಯವಿಲ್ಲ. ಒಂದು ತುಂಡಿನೊಳಗೆ ಇನ್ನೊಂದು ಜಾರುತ್ತ ಉದ್ದವಾಗಬೇಕು, ಗಿಡ್ಡವಾಗಬೇಕು. ಜಾರುವ ಆ ಜಾಗದಲ್ಲಿ ಗ್ರೀಸ್ ಸಾಲದೆ ಬಂದರೆ ಲೋಹ ಲೋಹಕ್ಕೆ ಕ್ಷಣಕಾಲ ಅಂಟಿಕೊಳ್ಳುತ್ತದೆ, ಒತ್ತಡ ಹೆಚ್ಚಿದಾಗ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಪಿಟೀಲಿನ ಕಮಾನು ತಂತಿಗೆ ಅಂಟಿ, ಜಾರಿ, ಮತ್ತೆ ಅಂಟಿ ನಾದ ಹುಟ್ಟಿಸುವುದೂ ಇದೇ ಭೌತಶಾಸ್ತ್ರದಿಂದ. ಟ್ರಕ್ಕಿನಲ್ಲಿ ಆ ಬಿಡುಗಡೆಯ ಪೆಟ್ಟು ಉಕ್ಕಿನ ಕಂಬದುದ್ದಕ್ಕೂ ಹರಿದು ನೇರ ಚಾಲಕನ ಕೈಗೆ ಬರುತ್ತಿತ್ತು. ಉಕ್ಕಿನಲ್ಲಿ ಸದ್ದು ಬಲು ವೇಗವಾಗಿ, ಹೆಚ್ಚು ಕುಗ್ಗದೆ ಸಾಗುತ್ತದೆ. ಕೇಳಿಸಿದ ಜಾಗವೇ ಹುಟ್ಟಿದ ಜಾಗ ಎಂದು ನಂಬಿದವರು ದಾರಿ ತಪ್ಪುವುದು ಇಲ್ಲಿಯೇ.

ಕಂಪನಿ ಇದನ್ನು ಗುರುತಿಸಿ ಡೀಲರುಗಳಿಗೆ ಸರ್ವಿಸ್ ಬುಲೆಟಿನ್ ಕಳಿಸಿತು. 00-02-35-003 ಎಂಬ ಸಂಖ್ಯೆಯ ಆ ಪತ್ರ ಪರಿಷ್ಕಾರಗೊಳ್ಳುತ್ತ ಸಾಗಿತು. ಶಾಫ್ಟ್ ಬಿಚ್ಚಿ, ಒಳಗೆ ಗ್ರೀಸ್ ತುಂಬಿ, ಹಿಂದೆ ಮುಂದೆ ಎಳೆದಾಡಿ ಸವರುವ ಉಪಾಯವೂ ಬಂತು. ಮುಂದೆ ತಿದ್ದಿದ ವಿನ್ಯಾಸದ ಶಾಫ್ಟನ್ನೇ ಹಾಕುವ ಸೂಚನೆಯೂ ಬಂತು. ಪತ್ತೆಕಾರ್ಯವಾಗಿ ಇದು ಮೆಚ್ಚಬೇಕಾದ ಕೆಲಸ. ಅನುಮಾನದ ಮೇಲೆ ಚಕ್ರದ ಭಾಗಗಳನ್ನೆಲ್ಲ ಬದಲಿಸುವ ಖರ್ಚು ತಪ್ಪಿತು, ಸದ್ದಿಗೆ ಖಚಿತ ಕಾರಣ ಸಿಕ್ಕಿತು. ಪರಿಹಾರವಾಗಿ ನೋಡಿದರೆ ಅಷ್ಟು ಮೆಚ್ಚುವಂತಿಲ್ಲ. ಗ್ರೀಸ್ ಒಣಗಿದ ಮೇಲೆ ಸದ್ದು ಮರಳುತ್ತಿತ್ತು. ಹಳೆಯ ವಿನ್ಯಾಸದ ಶಾಫ್ಟಿನ ಬದಲು ಅದೇ ವಿನ್ಯಾಸದ ಹೊಸದನ್ನು ಹಾಕಿಸಿಕೊಂಡವರಿಗೂ ಅದೇ ಪಾಡು. ರೋಗ ಸರಿಯಾಗಿ ಹೇಳಿ ಔಷಧಿ ಅರೆಬರೆ ಕೊಟ್ಟಂತಾಯಿತು.

ಬುಲೆಟಿನ್ ತಂದ ಇನ್ನೊಂದು ತೊಡಕೂ ಇದೆ. ಪತ್ರ ಕೈಗೆ ಬಂದ ಮೇಲೆ ಕಿವಿಗೆ ಕೆಲಸ ಕಡಿಮೆಯಾಗುತ್ತದೆ. ಸಿಲ್ವರಾಡೊ, ಟಕ್ ಎನ್ನುತ್ತದೆ, ಹಾಗಾದರೆ ಶಾಫ್ಟು ಎಂಬ ತೀರ್ಮಾನ ಪರೀಕ್ಷೆಗಿಂತ ಮುಂಚೆಯೇ ಬಾಯಿಗೆ ಬರುತ್ತದೆ. ಅದೇ ಗಾಡಿಯಲ್ಲಿ ಸಡಿಲ ಬಾಲ್ ಜಾಯಿಂಟ್ ಇರಬಾರದೆಂದೇನೂ ಇಲ್ಲ, ಮತ್ತು ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚುತ್ತದೆ. ಕಿರಿಕಿರಿಯ ಸದ್ದನ್ನೂ ಅಪಾಯದ ಸದ್ದನ್ನೂ ಬೇರ್ಪಡಿಸುವುದು ಮೆಕ್ಯಾನಿಕ್‌ನ ಮೊದಲ ಕರ್ತವ್ಯ. ಆ ಕೆಲಸವನ್ನು ಯಾವ ಕಾಗದವೂ ಅವನ ಬದಲಿಗೆ ಮಾಡಲಾರದು.

ಒಳ್ಳೆಯ ಪತ್ತೆಕಾರ್ಯ ಸದ್ದನ್ನು ಮತ್ತೆ ಬರಿಸುವುದರಿಂದ ಆರಂಭವಾಗುತ್ತದೆ. ಮೆಕ್ಯಾನಿಕ್ ಒಬ್ಬನೇ ಒಂದು ಸುತ್ತು ಓಡಿಸಿ ಬಂದರೆ ಸಾಲದು. ದಿನವೂ ಆ ಸದ್ದು ಕೇಳುವ ಮಾಲೀಕ ಪಕ್ಕದಲ್ಲಿ ಕೂರಬೇಕು. ಬೆಳಗಿನ ತಣ್ಣನೆಯ ಗಾಡಿಯಲ್ಲೋ ಬಿಸಿಯಾದ ಮೇಲೋ? ನಿಂತಾಗಲೋ ಓಡುವಾಗಲೋ? ಎಡಕ್ಕೋ ಬಲಕ್ಕೋ? ಆಮೇಲೆ ಒಂದೊಂದನ್ನೇ ಕಳೆಯುತ್ತ ಹೋಗಬೇಕು. ಎಂಜಿನ್ ಆರಿಸಿ, ಕೀ ತಿರುಗಿಸಿ ಸ್ಟೇರಿಂಗ್ ಅಲ್ಲಾಡಿಸಿದಾಗಲೂ ಸದ್ದು ಬಂದರೆ ಪವರ್ ಸ್ಟೇರಿಂಗ್ ಪಂಪು ಆ ಮಟ್ಟಿಗೆ ನಿರಪರಾಧಿ. ಒಬ್ಬರು ಸ್ಟೇರಿಂಗ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಕೈಯಿಟ್ಟು ನೋಡಿದರೆ ಪೆಟ್ಟು ಎಲ್ಲಿ ಹುಟ್ಟುತ್ತದೆಂದು ಬೆರಳಿಗೇ ಗೊತ್ತಾಗುತ್ತದೆ. ಓಡುವಾಗ ಮಾತ್ರ ಬರುವ ಸದ್ದಿಗೆ ಭಾಗಗಳಿಗೆ ಕಚ್ಚಿಸುವ ಚಿಕ್ಕ ಮೈಕುಗಳಿವೆ. ಕ್ಯಾಬಿನ್ನಿನಲ್ಲಿ ಕೂತು ಒಂದೊಂದು ಮೈಕನ್ನೂ ಬದಲಿಸುತ್ತ ಕೇಳಬಹುದು.

ಸದ್ದಿನ ಜಾತಿಯೂ ಸುಳಿವು ಕೊಡುತ್ತದೆ. ಗುಂಯ್ ಎಂಬ ಮೊರೆತವಾದರೆ ಪವರ್ ಸ್ಟೇರಿಂಗ್ ಆಯಿಲ್ ಕಡಿಮೆಯಾಗಿರಬಹುದು ಅಥವಾ ಅದರೊಳಗೆ ಗಾಳಿ ಸೇರಿರಬಹುದು. ಪೂರ್ತಿ ತಿರುಗಿಸಿ ಹಿಡಿದಾಗ ಮಾತ್ರ ಕೇಳುವ ಮೊರೆತ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಸಹಜ. ರಿಲೀಫ್ ವಾಲ್ವ್ ತೆರೆದುಕೊಂಡಿದೆ ಎಂದಷ್ಟೇ ಅದರ ಅರ್ಥ. ಸ್ಟೇರಿಂಗ್ ಚಕ್ರದ ಒಳಗೇ ಸರಸರ ಎಂದರೆ ಹಾರ್ನ್ ಮತ್ತು ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಸುರುಳಿ ಪಟ್ಟಿಯನ್ನು ನೋಡಬೇಕು. ಶಾಫ್ಟ್ ಬಿಚ್ಚುವಾಗ ಸ್ಟೇರಿಂಗ್ ತಿರುಗದಂತೆ ಕಟ್ಟಿಡದಿದ್ದರೆ ಹರಿದುಹೋಗುವುದೂ ಇದೇ ಪಟ್ಟಿ. ಗ್ರೀಸ್ ಹಾಕಲು ಹೋಗಿ ಏರ್‌ಬ್ಯಾಗ್ ಕೆಲಸ ಮಾಡದಂತೆ ಮಾಡಿಬಿಡುವ ಅಪಾಯ ಇದರಲ್ಲಿದೆ.

ಇದೆಲ್ಲ ಗೊತ್ತಿರುವ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ. ಬರ ಇರುವುದು ಅವರ ಸಮಯಕ್ಕೆ. ಅಮೆರಿಕದ ಡೀಲರ್ ವರ್ಕ್‌ಶಾಪುಗಳಲ್ಲಿ ಬಹಳ ಮಂದಿಗೆ ಕೂಲಿ 'ಫ್ಲ್ಯಾಟ್ ರೇಟ್' ಲೆಕ್ಕದಲ್ಲಿ. ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಎಂದು ಗೊತ್ತುಮಾಡಿರುತ್ತಾರೆ. ಹೆಚ್ಚು ಹೊತ್ತು ಹಿಡಿದರೂ ಕೈಗೆ ಬರುವುದು ಅಷ್ಟೇ. ವಾರಂಟಿ ಕೆಲಸದಲ್ಲಿ ಆ ಗಂಟೆಗಳನ್ನು ಕಂಪನಿಯೇ ನಿಗದಿ ಮಾಡುತ್ತದೆ. ಒಂದು ತಾಸು ಕಿವಿಗೊಟ್ಟು ಸದ್ದು ಹುಡುಕಿದವನಿಗಿಂತ ಎರಡು ಬ್ರೇಕ್ ಕೆಲಸ ಮುಗಿಸಿದವನು ಹೆಚ್ಚು ಗಳಿಸುತ್ತಾನೆ. 'ನಮಗೆ ಕೇಳಿಸಲಿಲ್ಲ' ಎಂಬ ಮಾತು ಎಷ್ಟೋ ಸಲ ಹುಟ್ಟುವುದು ಈ ಲೆಕ್ಕದಿಂದಲೇ. ಇದನ್ನು ತಿದ್ದದೆ ಮೆಕ್ಯಾನಿಕ್‌ನನ್ನು ಬೈಯುವುದು ಅನ್ಯಾಯ.

ಆ ಮಾತು ಜಾಬ್ ಕಾರ್ಡಿನಲ್ಲಿ ಬರೆದಿದೆಯೇ ಎಂಬುದು ಮಾತ್ರ ಮಾಲೀಕನಿಗೆ ಮುಖ್ಯ. ದೋಷಪೂರಿತ ಹೊಸ ವಾಹನ ಕೊಂಡವರನ್ನು ಕಾಯುವ 'ಲೆಮನ್ ಕಾನೂನು' 1982ರಲ್ಲಿ ಕನೆಕ್ಟಿಕಟ್‌ನಲ್ಲಿ ಮೊದಲು ಬಂತು, ಬಳಿಕ ಉಳಿದ ರಾಜ್ಯಗಳಿಗೂ ಹಬ್ಬಿತು. ಒಂದೇ ದೋಷಕ್ಕೆ ಎಷ್ಟು ಸಲ ರಿಪೇರಿಗೆ ಬಿಟ್ಟಿದ್ದರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬರೀ ಸದ್ದಿಗೆ ಆ ಕಾನೂನು ಒದಗದೆಯೂ ಹೋದೀತು. ಆದರೆ ಬಾಯಿಮಾತಿನಲ್ಲಿ ವಾಪಸು ಕಳಿಸಿದ ಭೇಟಿಗೆ ದಾಖಲೆಯೇ ಇರುವುದಿಲ್ಲ.

ಈ ನಡುವೆ ಸ್ಟೇರಿಂಗ್ ವ್ಯವಸ್ಥೆಯೂ ಬದಲಾಯಿತು. ಫೋರ್ಡ್ ಕಂಪನಿ 2011ರಲ್ಲಿ ಎಫ್-150 ಪಿಕಪ್‌ನ ಬಹುತೇಕ ಮಾದರಿಗಳಿಗೆ, ಜನರಲ್ ಮೋಟಾರ್ಸ್ 2014ರ ಸಿಲ್ವರಾಡೊ 1500ಕ್ಕೆ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ತಂದವು. ಪಂಪಿನ ಮೊರೆತ ಹೋಯಿತು. ಶಾಫ್ಟು ಉಳಿಯಿತು, ಕ್ಯಾಬಿನ್ ಮತ್ತು ಚಾಸಿಯ ಅಲುಗಾಟವೂ ಉಳಿಯಿತು. ಹಿಂದೆ ಮೊರೆತದಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣ ಟಕ್ ಈಗ ಇನ್ನೂ ಸ್ಪಷ್ಟವಾಗಿ ಕೇಳುವಂತಾಯಿತು.

ಕರ್ನಾಟಕದಲ್ಲಿ 2022ರಿಂದ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಹೈಲಕ್ಸ್ ಪಿಕಪ್ ಹೊರಬರುತ್ತಿದೆ. ಮಹೀಂದ್ರಾ ಬೊಲೆರೊ ಪಿಕಪ್ ಊರೂರಿನ ಮಾರುಕಟ್ಟೆಗಳಲ್ಲಿ ತರಕಾರಿ ಹೊರುತ್ತಿದೆ. ಇವುಗಳಲ್ಲಿ ಸಿಲ್ವರಾಡೊದ ದೋಷವಿದೆ ಎಂದೇನೂ ಅಲ್ಲ. ಕ್ಯಾಬಿನ್ ಬೇರೆ, ಚಾಸಿ ಬೇರೆ ಎಂಬ ರಚನೆ ಅದೇ ಆದ್ದರಿಂದ ಸದ್ದು ಹುಡುಕುವ ಕ್ರಮವೂ ಅದೇ. ಸುರಕ್ಷತಾ ದೋಷವಿರುವ ವಾಹನಗಳನ್ನು ಕಂಪನಿಗಳು ಹಿಂಪಡೆಯಬೇಕೆಂಬ ನಿಯಮ ಭಾರತದಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸ್ಟೇರಿಂಗ್ ಸದ್ದಿನಂಥ ದೂರುಗಳು ಆ ಮಟ್ಟಕ್ಕೆ ಏರುವುದು ಅಪರೂಪ. ಅಮೆರಿಕದಲ್ಲಾದರೆ ಕಂಪನಿಗಳು ಡೀಲರುಗಳಿಗೆ ಕಳಿಸುವ ಬುಲೆಟಿನ್‌ಗಳು ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮೂಲಕ ಸಾರ್ವಜನಿಕರಿಗೂ ಸಿಗುತ್ತವೆ. ಇಲ್ಲಿನ ಮಾಲೀಕ ತನ್ನ ದೂರನ್ನು ತಾನೇ ಕಟ್ಟಬೇಕು. ಜಾಬ್ ಕಾರ್ಡಿನಲ್ಲಿ 'ಸ್ಟೇರಿಂಗ್ ಸೌಂಡ್' ಎಂದು ಬರೆಯಲು ಹೊರಟ ಅಡ್ವೈಸರನ್ನು ತಡೆದು, 'ತಣ್ಣಗಿರುವಾಗ, ನಿಧಾನವಾಗಿ ಎಡಕ್ಕೆ ತಿರುಗಿಸಿದರೆ ಒಂದು ಟಕ್, ಕೈಗೆ ತಾಗುತ್ತದೆ' ಎಂದು ಬರೆಸಿ, ಕಿಲೋಮೀಟರ್ ಸಂಖ್ಯೆ ಹಾಕಿಸಿ, ಅದರ ಒಂದು ಪ್ರತಿ ಪಡೆದುಕೊಂಡೇ ಗಾಡಿಯ ಕೀ ಕೊಡಬೇಕು.